ದುಗ್ಗಮ್ಮನ ಬ್ಲೌಸುಗಳು

ಬ್ಲೌಸಿನ ಭುಜವನ್ನು ಒಮ್ಮೆ ಚಿಕ್ಕದಾಗಿ ಕತ್ತರಿಸಿಬಿಟ್ಟರೆ ಅದಕ್ಕೆ ಸುಲಭದ ಔಷಧಿ ಇಲ್ಲ. ಎದೆ, ಸೊಂಟ ಬಿಗಿಯಾದರೆ ಬದಿಯ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟ ಒಂದಿಂಚು ಬಟ್ಟೆಯಲ್ಲಿ ಸುಧಾರಿಸಬಹುದು. ತೋಳಿನ ಉದ್ದ ಕಮ್ಮಿಯಾದರೆ ಬಾರ್ಡರ್ ಜೋಡಿಸಿ ‘ಈಗ ಇದೇ ಫ್ಯಾಷನ್’ ಅಂದುಬಿಡಬಹುದು. ಭುಜಕ್ಕೆ ಅಂಥ ದಾರಿ ಇಲ್ಲ. 2018ರ ಶ್ರಾವಣದಲ್ಲಿ ನಮ್ಮ ಅಂಗಡಿಯಲ್ಲಿ ಒಂದೇ ವಾರಕ್ಕೆ ಒಂಬತ್ತು ಬ್ಲೌಸುಗಳ ಭುಜ ಅರ್ಧರ್ಧ ಇಂಚು ಚಿಕ್ಕದಾದವು. ಒಂಬತ್ತೂ ವರಮಹಾಲಕ್ಷ್ಮಿಗೆಂದು ತಂದಿದ್ದ ರೇಷ್ಮೆ ಸೀರೆಯ ಜೊತೆಗೇ ಬಂದ ಬ್ಲೌಸ್ ಪೀಸುಗಳು. ಪೇಟೆಗೆ ಓಡಿ ಇನ್ನೊಂದು ಮೀಟರ್ ತರುತ್ತೇನೆಂದರೆ ಸಿಗುವ ಬಟ್ಟೆಯಲ್ಲ.

ಕಟಿಂಗ್ ಮಾಸ್ಟರನ್ನು ಕೇಳಿದೆ. ಅವರು ಮೊಬೈಲ್ ತಿರುಗಿಸಿ ತೋರಿಸಿದರು. ‘ಕಂಪ್ಯೂಟರ್‌ನಲ್ಲಿ 14.3 ಅಂತ ಇದೆ, ಟೇಪಿನಲ್ಲಿ ಹದಿನಾಲ್ಕೂಕಾಲು ಹಿಡಿದೆ, ತಪ್ಪೇನು?’ ಅವರದೇನೂ ತಪ್ಪಿರಲಿಲ್ಲ. ಅಪ್ಪನ ಅಳತೆ ಪುಸ್ತಕ ತೆಗೆದು ನೋಡಿದೆ. 14ರ ಪಕ್ಕ ಮೂರು ಸಣ್ಣ ಗೀಟು.

ಅಪ್ಪನ ಬರವಣಿಗೆಯಲ್ಲಿ ಒಂದು ಗೀಟೆಂದರೆ ಕಾಲು, ಎರಡೆಂದರೆ ಅರ್ಧ, ಮೂರೆಂದರೆ ಮುಕ್ಕಾಲು. ಹಳೆಯ ಕಾಲದ ಅಂಗಡಿ ಲೆಕ್ಕದ ರೀತಿ. ಅವರಿಗೆ ಕಸುಬು ಕಲಿಸಿದವರು ಹಾಗೇ ಬರೆಯುತ್ತಿದ್ದರಂತೆ. ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ತುಂಬಲು ನಾನು ಕರೆದಿದ್ದ ಕಾಲೇಜಿನ ಹುಡುಗಿ ಚುರುಕಿನವಳು. ಮೂರು ಗೀಟು ಕಂಡಳು, ಪಾಯಿಂಟ್ ಮೂರು ಅಂತ ಹಾಕಿದಳು. ಎರಡು ಗೀಟು ಕಂಡಲ್ಲಿ ಪಾಯಿಂಟ್ ಎರಡು. ಎರಡು ಸಾವಿರದಷ್ಟು ಹೆಂಗಸರ ಭುಜ, ಎದೆ, ತೋಳು, ಸೊಂಟ ಎಲ್ಲವನ್ನೂ ಹನ್ನೊಂದು ದಿನದಲ್ಲಿ ಅದೇ ನಿಯಮದಲ್ಲಿ ತುಂಬಿ ಮುಗಿಸಿದ್ದಳು. ಅವಳನ್ನು ಬೈಯಲು ಬಾಯಿ ಬರಲಿಲ್ಲ. ಗೀಟಿನ ಅರ್ಥ ಅವಳಿಗೆ ಹೇಳಬೇಕಿದ್ದವಳು ನಾನು. ನಾನು ಬಿ.ಕಾಂ. ಓದಿದವಳು, ಹುಟ್ಟಿದಾಗಿನಿಂದ ಆ ಗೀಟುಗಳನ್ನು ನೋಡುತ್ತ ಬಂದವಳು. ಅವು ಹೇಳಿಕೊಡಬೇಕಾದ ಸಂಗತಿ ಎಂದು ತೋಚಿಯೇ ಇರಲಿಲ್ಲ.

ನಮ್ಮದು ದಾವಣಗೆರೆಯ ಚೌಕಿಪೇಟೆಯಿಂದ ಒಳಕ್ಕೆ ತಿರುಗುವ ಸಂದಿಯಲ್ಲಿ ಹತ್ತಡಿ ಅಗಲದ ಅಂಗಡಿ. ಅಪ್ಪ 1983ರಲ್ಲಿ ಒಂದು ಕಾಲ್ತುಳಿ ಮಿಷಿನ್ ಇಟ್ಟು ಶುರುಮಾಡಿದರು. ಆಗ ಪ್ಯಾಂಟು, ಶರ್ಟು ಮಾತ್ರ. ಗಿರಾಕಿಗಳಲ್ಲಿ ಹತ್ತಿ ಗಿರಣಿಯವರೇ ಜಾಸ್ತಿ. ದೀಪಾವಳಿಯ ಬೋನಸ್ ಕೈಗೆ ಬಂದ ಸಂಜೆ ಬಟ್ಟೆಯ ಗಂಟು ಹಿಡಿದು ಸಾಲು ನಿಲ್ಲುತ್ತಿದ್ದರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆಮೇಲೆ ರೆಡಿಮೇಡ್ ಬಂತು. ಮುನ್ನೂರು ರೂಪಾಯಿಗೆ ಶರ್ಟೇ ಸಿಗುವಾಗ ಹೊಲಿಗೆಗೆ ಮುನ್ನೂರು ಕೊಡುವವರು ಯಾರು? ಬ್ಲೌಸಿಗೆ ಮಾತ್ರ ಆ ಕಾಯಿಲೆ ತಗುಲಲಿಲ್ಲ. ರೆಡಿಮೇಡ್ ಬ್ಲೌಸು ಬಂದರೂ ಮೈಗೆ ಕೂರುವ ಬ್ಲೌಸಿಗೆ ಟೈಲರೇ ಬೇಕು. ಅಮ್ಮ ಬಹಳ ಹಿಂದಿನಿಂದಲೂ ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ಪರದೆಯ ಒಳಗೆ ಅವಳು ಅಳತೆ ಕೂಗುವುದು, ಹೊರಗೆ ಕೂತು ಅಪ್ಪ ಬರೆಯುವುದು. ನಾನು ಲೆಕ್ಕಪತ್ರದ ಕೆಲಸವೊಂದನ್ನು ಬಿಟ್ಟು ಬಂದು 2017ರಲ್ಲಿ ಅಂಗಡಿಯನ್ನೇ ಲೇಡೀಸ್ ಟೈಲರಿಂಗ್ ಮಾಡಿದೆ. ಐವತ್ತೆಂಟನೇ ವಯಸ್ಸಿನಲ್ಲಿ ಅಪ್ಪ ಬ್ಲೌಸು ಕಲಿತರು. ಪ್ಯಾಂಟು ಹೊಲಿದ ಕೈಗೆ ಅದು ಸುಲಭವಲ್ಲ. ಪ್ಯಾಂಟಿನಲ್ಲಿ ಎರಡಿಂಚು ಸಡಿಲ ಬಿಟ್ಟರೆ ಅನುಕೂಲ ಅನ್ನುತ್ತಾರೆ, ಬ್ಲೌಸಿನಲ್ಲಿ ಎರಡು ಗೀಟು ಸಡಿಲ ಬಿಟ್ಟರೆ ವಾಪಸು ತಂದು ಮೇಜಿನ ಮೇಲೆ ಎಸೆಯುತ್ತಾರೆ.

ಕಂಪ್ಯೂಟರ್ ಯಾಕೆ ಬಂತು ಅನ್ನುವುದಕ್ಕೆ 2018ರ ದುಗ್ಗಮ್ಮನ ಜಾತ್ರೆಯ ಕಥೆ ಹೇಳಬೇಕು.

ನಮ್ಮೂರಿನ ನಗರದೇವತೆ ದುರ್ಗಾಂಬಿಕೆ. ಊರವರ ಬಾಯಲ್ಲಿ ದುಗ್ಗಮ್ಮ. ಎರಡು ವರ್ಷಕ್ಕೊಮ್ಮೆ ಜಾತ್ರೆ. ಹೊರಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹಬ್ಬ, ಅವರಿಗೆ ಸೀರೆ ಉಡಿಸುವ ಹಬ್ಬ. ಸೀರೆಯೆಂದರೆ ಬ್ಲೌಸು. ದೀಪಾವಳಿಯನ್ನು ಬೇಕಾದರೆ ಹಳೆಯ ಬಟ್ಟೆಯಲ್ಲಿ ಕಳೆದಾರು, ದುಗ್ಗಮ್ಮನ ಜಾತ್ರೆಯನ್ನು ಕಳೆಯುವುದಿಲ್ಲ. ಆ ವರ್ಷ ಅಪ್ಪ ಬಂದವರಿಗೆಲ್ಲ ‘ಆತು, ಕೊಡಣ ಬಿಡ್ರಿ’ ಅಂದರು. ನಾಳೆ ಬರ್ರಿ, ನಾಡಿದ್ದು ಬರ್ರಿ, ಗುಂಡಿ ಒಂದು ಬಾಕಿ ಐತಿ, ಇಸ್ತ್ರಿ ಒಂದು ಬಾಕಿ ಐತಿ. ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿರುತ್ತಿರಲಿಲ್ಲ. ಜಾತ್ರೆಯ ಹಿಂದಿನ ರಾತ್ರಿ ಹನ್ನೊಂದಕ್ಕೆ ಸಂದಿಯ ತುಂಬ ಹೆಂಗಸರು. ಹರಪನಹಳ್ಳಿಯಿಂದ ತವರಿಗೆ ಬಂದಿದ್ದ ಒಬ್ಬಳು, ಕಂಕುಳಲ್ಲಿ ನಿದ್ದೆ ಹೋದ ಮಗು, ಮೆಟ್ಟಿಲ ಮೇಲೆ ಕೂತು ಅಳಲು ಶುರುಮಾಡಿದಳು. ಅಪ್ಪ ಅವಳ ಮುಂದೆಯೂ ಅದೇ ಮಾತು ಹೇಳಿದರು: ‘ಇನ್ನೊಂದು ಹತ್ತು ನಿಮಿಷ ತಾಯಿ.’ ಅವಳ ಬ್ಲೌಸ್ ಪೀಸು ನನ್ನ ಕೈಯಲ್ಲಿತ್ತು, ಮಡಿಕೆ ಬಿಚ್ಚದೆ.

ಸುಳ್ಳು ಹೇಳದ ಟೈಲರ್ ಇಲ್ಲ ಅಂತ ಜನ ನಗುತ್ತಾರೆ. ನನಗೆ ಆ ರಾತ್ರಿ ನಗು ಬರಲಿಲ್ಲ.

ಆಗಸ್ಟಿನಲ್ಲಿ ಒಂದು ವೆಬ್ ಸಿಸ್ಟಂ ತೆಗೆದುಕೊಂಡೆ. ಬ್ರೌಸರಿನಲ್ಲಿ ತೆರೆಯುವುದು, ತಿಂಗಳಿಗೆ ಐನೂರು ರೂಪಾಯಿ. ಗಿರಾಕಿಯ ಹೆಸರು, ಮೊಬೈಲ್ ನಂಬರು, ಅಳತೆ, ಡಿಸೈನು, ಕೊಡುವ ದಿನಾಂಕ. ಒಂದೊಂದು ಬಟ್ಟೆಗೂ ಒಂದು ನಂಬರು. ಅದು ಕಟಿಂಗಿನಲ್ಲಿದೆಯೋ, ಹೊಲಿಗೆಯಲ್ಲಿದೆಯೋ, ಹೆಮ್ಮಿಂಗು-ಹುಕ್ಕಿನಲ್ಲಿದೆಯೋ, ಇಸ್ತ್ರಿಯಲ್ಲಿದೆಯೋ ಅಂತ ಬಣ್ಣ ಬಣ್ಣದ ಪಟ್ಟಿಯಲ್ಲಿ ತೋರಿಸುತ್ತಿತ್ತು. ಹಳೆಯ ಲ್ಯಾಪ್‌ಟಾಪು, ಬಿಲ್ಲಿಗೆ ಒಂದು ಪುಟ್ಟ ಥರ್ಮಲ್ ಪ್ರಿಂಟರು. ಅಪ್ಪ ಎರಡು ದಿನ ಸುಮ್ಮನೆ ನೋಡಿದರು. ಮೂರನೇ ದಿನ ಮಧ್ಯಾಹ್ನ ಕರೆಂಟು ಹೋಯಿತು. ಅವರು ಎದ್ದು ಹಳೆಯ ಮಿಷಿನ್ನಿನ ಮೋಟಾರಿನಿಂದ ಬೆಲ್ಟು ಕಳಚಿ ಗಾಲಿಗೆ ಹಾಕಿ, ಕಾಲಲ್ಲಿ ತುಳಿಯುತ್ತ, ‘ನಿನ್ನದಕ್ಕೆ ಪೆಡಲ್ ಎಲ್ಲೈತಿ?’ ಅಂತ ಕೇಳಿದರು.

ಗೀಟಿನ ಅನಾಹುತ ಆದದ್ದು ಆ ತಿಂಗಳಲ್ಲೇ. ಒಂಬತ್ತರಲ್ಲಿ ಮೂರನ್ನು ಭುಜದ ಹತ್ತಿರ ಬಾರ್ಡರಿನ ಪಟ್ಟಿ ಕೊಟ್ಟು ಉಳಿಸಿದೆವು. ಎರಡಕ್ಕೆ ಬೋಟ್ ನೆಕ್ ಮಾಡಿ ಒಪ್ಪಿಸಿದೆವು. ನಾಲ್ಕಕ್ಕೆ ದುಡ್ಡು ಕೊಟ್ಟೆ. ಆಮೇಲೆ ಮೂರು ವಾರ ರಾತ್ರಿ ಕೂತು ಅಷ್ಟೂ ಅಳತೆಗಳನ್ನು ಪುಸ್ತಕದ ಜೊತೆ ಒಂದೊಂದಾಗಿ ತಾಳೆ ನೋಡಿ ತಿದ್ದಿದೆ. ಆ ಮೂರು ವಾರ ನನಗೆ ದಂಡವಾಗಲಿಲ್ಲ. ಅಪ್ಪನ ಪುಸ್ತಕಗಳನ್ನು ಮೊದಲ ಸಲ ಪೂರ್ತಿ ಓದಿದ್ದು ಆಗಲೇ.

ಅಳತೆ ಪುಸ್ತಕವೆಂದರೆ ಬರೀ ಅಂಕಿ ಅಂದುಕೊಂಡಿದ್ದೆ. ಅಂಕಿಗಳ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣಕ್ಷರ ಇದ್ದವು. ‘ಎಡಭುಜ ಇಳಿ.’ ‘ಬೆನ್ನು ಬಾಗು, ಹಿಂದೆ ಉದ್ದ ಬಿಡು.’ ‘ಬಿಗಿ ಬೇಕು ಅಂತಾಳೆ, ಒಂದಿಂಚು ಸಡಿಲ ಹೊಲಿ, ಹೇಳಬೇಡ.’ ‘ಐದು ತಿಂಗಳು, ಬದಿಗೆ ಎರಡಿಂಚು ಬಿಡು.’ ಒಂದು ಕಡೆ: ‘ದುಡ್ಡು ಕೇಳಬೇಡ, ತಾನೇ ಕೊಡ್ತಾಳೆ.’ ಇನ್ನೊಂದು ಪುಟದಲ್ಲಿ, ಅಮ್ಮನ ಅಕ್ಷರದಲ್ಲಿ, ‘ಬಲಗಡೆ ಆಪರೇಷನ್ ಆಗಿದೆ, ಒಳಗೆ ಪ್ಯಾಡು. ಹುಡುಗರ ಕೈಗೆ ಕೊಡಬೇಡ, ನಾನೇ ಹೊಲಿತೀನಿ.’ ಆ ಹೆಂಗಸು ಇವತ್ತಿಗೂ ನಮ್ಮ ಅಂಗಡಿಗೆ ಬರುತ್ತಾರೆ. ಅವರ ಬ್ಲೌಸಿನ ಬಲ ಎಡ ಒಂದೇ ಅಲ್ಲವೆಂದು ಅವರ ಸೊಸೆಗೂ ಗೊತ್ತಿಲ್ಲ.

ಈ ಸಣ್ಣಕ್ಷರಗಳನ್ನು ಹಾಕಲು ಸಿಸ್ಟಮ್ಮಿನಲ್ಲಿ ‘ರಿಮಾರ್ಕ್ಸ್’ ಅಂತ ಒಂದು ಡಬ್ಬಿ ಇತ್ತು. ಉತ್ಸಾಹದಲ್ಲಿ ತುಂಬಿದೆ. ಆ ಡಬ್ಬಿಯಲ್ಲಿ ಬರೆದದ್ದು ಬಿಲ್ಲಿನ ಕೆಳಗೂ ಅಚ್ಚಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಒಬ್ಬ ಶಾಲಾ ಶಿಕ್ಷಕಿ ಬಿಲ್ಲು ಇಸಕೊಂಡು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು: ‘ಹೊಟ್ಟೆ ಜಾಸ್ತಿ, ಕೇಳಿದರೆ ಇಲ್ಲ ಅನ್ನು.’ ಅಂಗಡಿಯಲ್ಲಿ ಮಿಷಿನ್ನುಗಳೆಲ್ಲ ಒಮ್ಮೆಗೇ ನಿಂತವು. ಅವರು ನನ್ನ ಮುಖ ನೋಡಿದರು. ‘ಜಾಸ್ತಿ ಇದೆಯೇನಮ್ಮ?’ ಅಂತ ಕೇಳಿದರು. ‘ಇಲ್ಲ ಮೇಡಂ’ ಅಂದೆ. ಪುಣ್ಯಕ್ಕೆ ನಕ್ಕರು. ಆದರೆ ನನ್ನ ಕೈ ನಡುಗುತ್ತಿತ್ತು, ಯಾಕೆಂದರೆ ಆ ದಿನ ಕೊಡಬೇಕಾದ ಬಟ್ಟೆಗಳಲ್ಲಿ ಬಲಗಡೆ ಪ್ಯಾಡು ಇಟ್ಟ ಬ್ಲೌಸೂ ಇತ್ತು. ಅದರ ಬಿಲ್ಲು ಬೆಳಿಗ್ಗೆಯೇ ಅಚ್ಚಾಗಿ, ಮಡಚಿ, ಕವರಿನ ಮೇಲೆ ಪಿನ್ನಾಗಿ ನೇತಾಡುತ್ತಿತ್ತು. ಕಿತ್ತು ಬಾಯಿಗೆ ಹಾಕಿಕೊಂಡೆ ಅಂದರೆ ನಂಬುತ್ತೀರೋ ಇಲ್ಲವೋ. ಹರಿದು ಬುಟ್ಟಿಗೆ ಹಾಕಿದರೆ ಹುಡುಗರು ಜೋಡಿಸಿ ಓದಿಯಾರು ಅನ್ನುವ ಭಯ.

ಅವತ್ತೇ ರಿಮಾರ್ಕ್ಸ್ ಡಬ್ಬಿಗಳನ್ನೆಲ್ಲ ಖಾಲಿ ಮಾಡಿದೆ. ಆ ಮಾತುಗಳು ಪುಸ್ತಕಕ್ಕೇ ವಾಪಸು ಹೋದವು.

ಎಸ್ಸೆಮ್ಮೆಸ್ಸಿನದು ಬೇರೆ ಪ್ರಕರಣ. ಬಟ್ಟೆ ಸಿದ್ಧವಾದ ಕೂಡಲೇ ಸಿಸ್ಟಂ ತಾನೇ ಸಂದೇಶ ಕಳಿಸುತ್ತಿತ್ತು: ನಿಮ್ಮ ಬಟ್ಟೆ ಸಿದ್ಧವಾಗಿದೆ, ಬಾಕಿ ಇಷ್ಟು ರೂಪಾಯಿ. ಒಳ್ಳೆಯ ಅನುಕೂಲ ಅಂದುಕೊಂಡೆ. ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೊಟ್ಟಿದ್ದು ಗಂಡನ ನಂಬರು. ಆರಿ ವರ್ಕಿನ ಬ್ಲೌಸಿಗೆ ಬಾಕಿ 1,450 ಅಂತ ಸಂದೇಶ ಹೋಗುತ್ತದೆ, ಗಂಡ ಅಂಗಡಿಯ ಗಲ್ಲಾದ ಮೇಲೆ ಕೂತು ಓದುತ್ತಾನೆ, ಮನೆಯಲ್ಲಿ ಆಕೆ ನಾನೂರು ಅಂತ ಹೇಳಿರುತ್ತಾಳೆ. ಒಂದೇ ವಾರದಲ್ಲಿ ನಾಲ್ಕು ಫೋನು. ‘ಏನ್ರೀ, ಬ್ಲೌಸಿಗೆ ಜರಿ ಹಾಕೀರೋ ಚಿನ್ನ ಹಾಕೀರೋ?’ ಹೆಂಗಸರು ಬಂದು ನನ್ನನ್ನೇ ಬೈದರು. ಸಿಟ್ಟಿನಲ್ಲಿ ನ್ಯಾಯ ಇತ್ತು. ಅಡುಗೆಮನೆಯ ಡಬ್ಬಿಯಲ್ಲಿ ನೂರು ಇನ್ನೂರು ಸೇರಿಸಿ ತಂದು ಹೊಲಿಸಿಕೊಂಡ ಬ್ಲೌಸಿನ ಬೆಲೆಯನ್ನು ನಾನು ಡಂಗುರ ಹೊಡೆದ ಹಾಗಾಗಿತ್ತು. ಕಂಪನಿಯವರಿಗೆ ಫೋನು ಮಾಡಿ ಮಾಡಿ, ಎರಡು ವಾರದ ಮೇಲೆ ಸಂದೇಶದಿಂದ ಮೊತ್ತ ತೆಗೆಸಿದೆ. ಕೆಲವರು ಆಮೇಲೂ ಪಕ್ಕದ ಮನೆಯವಳ ನಂಬರೇ ಕೊಡುತ್ತಿದ್ದರು. 2021ರ ಮಾರ್ಚಿನಲ್ಲಿ ಸಂದೇಶದ ಒಕ್ಕಣೆಯನ್ನು ಮೊದಲೇ ನೋಂದಾಯಿಸಬೇಕೆಂಬ ಟ್ರಾಯ್ ನಿಯಮ ಬಿಗಿಯಾದಾಗ ನಮ್ಮ ಎಸ್ಸೆಮ್ಮೆಸ್ಸು ನಿಂತೇಹೋಯಿತು. ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಹೆಸರು ಹುಡುಕುವ ಪಡಿಪಾಟಲನ್ನು ಜಾಸ್ತಿ ಬರೆಯುವುದಿಲ್ಲ. ಲಕ್ಷ್ಮಿಗೆ ಕೊನೆಯಲ್ಲಿ ಹ್ರಸ್ವ ಹಾಕಿದರೆ ಒಬ್ಬಳು, ದೀರ್ಘ ಎಳೆದರೆ ಇನ್ನೊಬ್ಬಳು. ಒಂದೇ ಮನೆಯ ಒಂದೇ ಹೆಂಗಸು ಮೂರು ಖಾತೆಯಲ್ಲಿ ಮೂರು ಸೊಂಟ ಇಟ್ಟುಕೊಂಡಿದ್ದಳು. ಬಟ್ಟೆಯ ಬಣ್ಣ ಆರಿಸುವ ಪಟ್ಟಿಯಲ್ಲಿ ಹನ್ನೆರಡೇ ಬಣ್ಣ. ಈರುಳ್ಳಿ ಸಿಪ್ಪೆ, ಮಾವಿನ ಚಿಗುರು, ಗಂಧ, ಬದನೆಕಾಯಿ, ರಾಣಿ ಕಲರು ಎಲ್ಲವನ್ನೂ ‘ಪಿಂಕ್’ ಮತ್ತು ‘ಬ್ರೌನ್’ ಎರಡರಲ್ಲಿ ತುರುಕಬೇಕು. ಅಪ್ಪ ಮಾಡುತ್ತಿದ್ದ ಹಾಗೆ ಬಟ್ಟೆಯ ಅಂಚಿನಿಂದ ಉಗುರಗಲದ ಚೂರು ಕತ್ತರಿಸಿ ಬಿಲ್ಲಿಗೆ ಸ್ಟೇಪಲ್ ಹೊಡೆಯುವ ಪದ್ಧತಿಗೇ ಒಂದೇ ತಿಂಗಳಲ್ಲಿ ಮರಳಿದೆ. ಫೋಟೊ ತೆಗೆದು ಏರಿಸಬಹುದಿತ್ತು, ಆದರೆ ಟ್ಯೂಬ್‌ಲೈಟಿನ ಕೆಳಗೆ ಗಿಣಿಹಸಿರೂ ರಾಮಾ ಗ್ರೀನೂ ಫೋಟೊದಲ್ಲಿ ಒಂದೇ.

ಇಷ್ಟು ಹೇಳಿದ ಮೇಲೆ ಸಿಸ್ಟಂ ಕೆಟ್ಟದ್ದು ಅಂದುಕೊಳ್ಳಬೇಡಿ. ದಿನಾಂಕದ ವಿಷಯದಲ್ಲಿ ಅದು ನನ್ನ ಮಾನ ಕಾಪಾಡಿತು.

ಅದರಲ್ಲಿ ದಿನಕ್ಕೆ ಎಷ್ಟು ಬಟ್ಟೆ ಮುಗಿಸಬಹುದು ಎಂದು ಒಮ್ಮೆ ಬರೆದಿಟ್ಟರೆ, ಅಷ್ಟು ತುಂಬಿದ ಕೂಡಲೇ ಆ ದಿನ ಕೆಂಪಾಗುತ್ತಿತ್ತು; ಮತ್ತೆ ಆ ದಿನಕ್ಕೆ ಆರ್ಡರ್ ಬರೆದುಕೊಳ್ಳುತ್ತಿರಲಿಲ್ಲ. ಎಷ್ಟು ಅಂತ ಬರೆಯಲಿ? ಅಪ್ಪನನ್ನು ಕೇಳಿದೆ. ‘ಮೂವತ್ತು’ ಅಂದರು. ಮೂರು ತಿಂಗಳ ಲೆಕ್ಕ ತೆಗೆದೆ. ನಾವು ನಿಜವಾಗಿ ಮುಗಿಸುತ್ತಿದ್ದುದು ದಿನಕ್ಕೆ ಹದಿನಾರು. ಮೂವತ್ತೈದು ವರ್ಷ ಅಪ್ಪ ಹದಿನಾರು ಹೊಲಿದು ಮೂವತ್ತಕ್ಕೆ ಮಾತು ಕೊಟ್ಟುಕೊಂಡು ಬಂದಿದ್ದರು. ಅವರು ಪರದೆಯ ಮೇಲಿನ ಅಂಕಿಯನ್ನು ಬಹಳ ಹೊತ್ತು ನೋಡಿ, ‘ನಾವು ಪ್ಯಾಂಟು ಹೊಲಿವಾಗ ಹಂಗಿರಲಿಲ್ಲ’ ಅಂದರು. ಇರಬಹುದು.

2020ರ ಜಾತ್ರೆ ಮಾರ್ಚ್ ಮೊದಲ ವಾರ ಬಂತು. ಜನವರಿ ಕೊನೆಗೇ ಫೆಬ್ರವರಿಯ ದಿನಗಳೆಲ್ಲ ಕೆಂಪು. ಹಳೆಯ ಗಿರಾಕಿಗಳು ಬಂದು ಬೇಡಿಕೊಂಡರು, ಜಗಳವಾಡಿದರು, ‘ನಿಮ್ಮಪ್ಪ ಆಗಿದ್ರೆ ಇಸ್ಕೊಂತಿದ್ರು’ ಅಂದರು. ಅಪ್ಪ ಅಲ್ಲೇ ಮೂಲೆಯಲ್ಲಿ ಕೂತು ಹುಕ್ಕು ಹಾಕುತ್ತ ತಲೆ ಎತ್ತುತ್ತಿರಲಿಲ್ಲ. ಜಾತ್ರೆಯ ಹಿಂದಿನ ದಿನ ರಾತ್ರಿ ಒಂಬತ್ತಕ್ಕೆ ಪರದೆಯ ಮೇಲೆ ‘ಬಾಕಿ: 0’ ಅಂತ ಬಂತು. ಸಂದಿ ಖಾಲಿ. ಲ್ಯಾಪ್‌ಟಾಪು ಮುಚ್ಚಿ ಶಟರ್ ಎಳೆಯಲು ಹೋದರೆ ಕಟಿಂಗ್ ಮೇಜಿನ ಕೆಳಗಿನ ಗೋಣಿಚೀಲದಿಂದ ಜರಿಯಂಚು ಇಣುಕುತ್ತಿತ್ತು. ಏಳು ಬ್ಲೌಸ್ ಪೀಸು. ಅಪ್ಪ ಹಿಂದಿನ ಬಾಗಿಲಲ್ಲಿ ಇಸಕೊಂಡಿದ್ದರು. ಯಾವುದಕ್ಕೂ ನಂಬರಿಲ್ಲ, ಬಿಲ್ಲಿಲ್ಲ. ಬೈಯುವುದಕ್ಕೆ ಹೊತ್ತಿರಲಿಲ್ಲ. ಅವರೂ ನಾನೂ ಚಾಚಾನೂ ಬೆಳಗಿನ ಜಾವದವರೆಗೆ ಕೂತು ಆರು ಮುಗಿಸಿದೆವು. ಏಳನೆಯವಳಿಗೆ ಅಪ್ಪ ಬೆಳಿಗ್ಗೆ ಹೇಳಿದ್ದನ್ನು ನೀವೇ ಊಹಿಸಬಹುದು.

ಚಾಚಾನ ವಿಷಯ ಹೇಳಲೇಬೇಕು. ಅವರು 1986ರಿಂದ ಅಪ್ಪನ ಜೊತೆ ಇದ್ದವರು. ಅಂಗಡಿಯಲ್ಲಿ ಎಲ್ಲರಿಗೂ ಚಾಚಾ. ಕೈಯಲ್ಲಿ ಕಾಜ ಹೊಡೆದರೆ ಮಿಷಿನ್ನಿನ ಕಾಜ ನಾಚಬೇಕು. ಸಫಾರಿ ಸೂಟಿನ ಕಾಲದಲ್ಲಿ ಅವರ ಕಾಜಕ್ಕೆಂದೇ ಬೇರೆ ಊರಿನಿಂದ ಬರುತ್ತಿದ್ದವರಿದ್ದರಂತೆ. ನಾನು ಅಂಗಡಿಗೆ ಬರುವ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು, ಕೈಯಲ್ಲಿ ಸಣ್ಣ ನಡುಕ. ಆದರೂ ಹುಡುಗರ ಸರಿಸಮ ಮಿಷಿನ್ನಿನ ಮುಂದೆ ಕೂರುತ್ತಿದ್ದರು. ನಮ್ಮಲ್ಲಿ ಸಂಬಳ ಇಲ್ಲ, ಪೀಸಿನ ಲೆಕ್ಕ. ಆಗ ಲೈನಿಂಗ್ ಬ್ಲೌಸಿಗೆ 90 ರೂಪಾಯಿ ಮಜೂರಿ. ಶನಿವಾರ ಸಂಜೆ ಬಟವಾಡೆ.

ಸಿಸ್ಟಂ ಬಂದ ಮೊದಲ ತಿಂಗಳು ಬಟವಾಡೆಯ ಲೆಕ್ಕ ಕೂಡಲಿಲ್ಲ. ಹುಡುಗರ ಲೆಕ್ಕ ಪೀಸಿಗೆ ಪೀಸು ಸರಿಹೊಂದಿತು. ಚಾಚಾ ಹೊಲಿದದ್ದು ಸಿಸ್ಟಮ್ಮಿನಲ್ಲಿ ಹದಿನಾಲ್ಕು, ಅಪ್ಪನ ಚೀಟಿಯಲ್ಲಿ ಹದಿನೆಂಟು. ಮುಂದಿನ ವಾರ ಹನ್ನೆರಡು, ಹದಿನಾರು. ನಾಲ್ಕರ ವ್ಯತ್ಯಾಸ ಗಡಿಯಾರದ ಹಾಗೆ ಬರುತ್ತಿತ್ತು. ಲೆಕ್ಕ ಓದಿದವಳ ಬುದ್ಧಿ, ಕೇಳದೆ ಇರಲಾಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ: ಚಾಚಾ ವಾರಕ್ಕೆ ನಾಲ್ಕು ಪೀಸು ಜಾಸ್ತಿ ಹೇಳುತ್ತಿದ್ದಾರೆ.

ಅಪ್ಪ ತುತ್ತು ಕೆಳಗಿಟ್ಟರು. ‘ಅವನು ಹೇಳ್ತಿಲ್ಲ. ನಾನು ಬರಿತಿದೀನಿ.’

ಎಷ್ಟು ವರ್ಷದಿಂದ ಅಂತ ಕೇಳಿದೆ. ಕಣ್ಣಿನ ತೊಂದರೆ ಶುರುವಾದಾಗಿನಿಂದ ಅಂದರು. ಚಾಚಾಗೆ ಗೊತ್ತಾ? ‘ಎಣಿಸಾಕೆ ಅವನಿಗೆ ಎಲ್ಲಿ ಬರ್ತೈತಿ’ ಅಂದರು; ಆಮೇಲೆ ತಡೆದು, ‘ಗೊತ್ತಿದ್ರೂ ಗೊತ್ತಿರಬಹುದು’ ಅಂದರು. ಅಷ್ಟರ ಮೇಲೆ ಮಾತಿಲ್ಲ. ಹಾಗೇ 360 ರೂಪಾಯಿ ಕೈಗೆ ಕೊಟ್ಟರೆ ಚಾಚಾ ಮುಟ್ಟುವವರಲ್ಲ. ಹೊಲಿದ ಪೀಸಿನ ದುಡ್ಡಾದರೆ ಬೇರೆ.

ಆದರೆ ಈಗ ಎಲ್ಲರ ಲೆಕ್ಕವೂ ಎಲ್ಲರಿಗೂ ಕಾಣುವ ಹಾಗಿತ್ತು. ಹುಡುಗರು ತಮ್ಮ ತಮ್ಮ ಮೊಬೈಲಿನಲ್ಲಿ ಪೀಸು ಎಣಿಸುತ್ತಿದ್ದರು. ಅದು ನನಗೆ ಬೇಕಾಗಿಯೇ ಇತ್ತು. ಮೊದಲೆಲ್ಲ ಶನಿವಾರ ‘ನಂದು ಇಪ್ಪತ್ತೆರಡು, ಇಪ್ಪತ್ತು ಅಂತ ಯಾಕೆ ಬರೆದ್ರಿ’ ಅಂತ ತಕರಾರು ಇರುತ್ತಿತ್ತು, ಅದು ಪೂರ್ತಿ ನಿಂತಿತ್ತು. ಚಾಚಾನ ಹೆಸರಿಗೆ ಸುಮ್ಮನೆ ನಾಲ್ಕು ಪೀಸು ಸೇರಿಸೋಣವೆಂದರೆ ಸಿಸ್ಟಂ ಒಪ್ಪುವುದಿಲ್ಲ. ಪೀಸು ಇರಬೇಕಾದರೆ ಆರ್ಡರ್ ಇರಬೇಕು, ಆರ್ಡರ್ ಇರಬೇಕಾದರೆ ಗಿರಾಕಿ ಇರಬೇಕು.

ಗಿರಾಕಿಯೊಬ್ಬರನ್ನು ಹುಟ್ಟಿಸಿದೆ. ಹೆಸರು: ದುಗ್ಗಮ್ಮ. ಊರು: ದಾವಣಗೆರೆ. ಭುಜ, ಎದೆ, ಸೊಂಟ ಬರೆಯದೆ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ, ಅಮ್ಮನ ಅಳತೆ ಹಾಕಿದೆ, ಭುಜ 14.75. ಮೊಬೈಲ್ ನಂಬರು ಕೇಳಿತು, ಅಪ್ಪನದು ಕೊಟ್ಟೆ. 2018ರ ಸೆಪ್ಟೆಂಬರಿನ ಆ ಶನಿವಾರದಿಂದ ದುಗ್ಗಮ್ಮ ವಾರಕ್ಕೆ ನಾಲ್ಕು ಲೈನಿಂಗ್ ಬ್ಲೌಸು ಹೊಲಿಸಲು ಶುರುಮಾಡಿದಳು. ಬಿಲ್ಲು ಸೊನ್ನೆ. ಹೊಲಿಯುವವರು ಚಾಚಾ.

ಮೊದಲ ಸಂಜೆ ಅಪ್ಪನ ಫೋನು ಕುಂಯ್‌ಗುಟ್ಟಿತು. ಅವರು ಅದನ್ನು ಒಂದು ಮೊಳ ದೂರ ಹಿಡಿದು ಅಕ್ಷರ ಅಕ್ಷರವಾಗಿ ಓದಿದರು: ‘ದುಗ್ಗಮ್ಮ ಅವರೇ, ನಿಮ್ಮ ಬಟ್ಟೆ ಸಿದ್ಧವಾಗಿದೆ.’ ನನ್ನ ಕಡೆ ನೋಡಿದರು. ಫೋನನ್ನು ಹಣೆಗೊತ್ತಿ ಜೇಬಿಗಿಟ್ಟರು.

ಹುಡುಗರಲ್ಲಿ ಒಬ್ಬ ಕೆಲವು ತಿಂಗಳಾದ ಮೇಲೆ ಕೇಳಿದ: ‘ಅಕ್ಕಾ, ಈ ದುಗ್ಗಮ್ಮ ಯಾರು? ಬಟ್ಟೆ ಕೊಡಾಕೂ ಬಂದಿದ್ದು ಕಾಣೆ, ಒಯ್ಯಾಕೂ ಬಂದಿದ್ದು ಕಾಣೆ.’ ದೊಡ್ಡ ಮನೆಯವರು, ಚಾಚಾನ ಕೈಯೇ ಬೇಕಂತೆ ಅಂದೆ. ಅವನು ಒಮ್ಮೆ ಚಾಚಾನ ಕಡೆ ನೋಡಿ, ‘ಹೂಂ’ ಅಂದು ಬಾಬಿನ್ ಸುತ್ತತೊಡಗಿದ. ಮತ್ತೆ ಯಾರೂ ಕೇಳಲಿಲ್ಲ.

ಜಾತ್ರೆಯ ಬಟ್ಟೆ ಕೊಟ್ಟು ಕೈ ತೊಳೆದ ಮೂರೇ ವಾರಕ್ಕೆ, 2020ರ ಮಾರ್ಚ್ 25ರಂದು, ದೇಶವೇ ಬಾಗಿಲು ಹಾಕಿಕೊಂಡಿತು. ಮದುವೆಗೆಂದು ಬಂದಿದ್ದ 43 ಬ್ಲೌಸು ಗೂಟದಲ್ಲಿ ನೇತಾಡುತ್ತ ಉಳಿದವು. ಪುಸ್ತಕ ಅಂಗಡಿಯೊಳಗೆ ಸಿಕ್ಕಿಬಿದ್ದಿತ್ತು, ಸಿಸ್ಟಂ ನನ್ನ ಮೊಬೈಲಿನಲ್ಲಿತ್ತು. ಆ 43 ಮನೆಗೂ ಫೋನು ಮಾಡಲು ಸಾಧ್ಯವಾದದ್ದು ಅದರಿಂದಲೇ. ಅರ್ಧ ಮದುವೆಗಳು ಮುಂದಕ್ಕೆ ಹೋಗಿದ್ದವು. ಹುಡುಗರಿಗೆ ಲೈನಿಂಗ್ ಬಟ್ಟೆ ಮನೆಗೆ ಕಳಿಸಿ ಮಾಸ್ಕು ಹೊಲಿಸಿದೆ. ಮರುವರ್ಷ ಮೇ ತಿಂಗಳಲ್ಲಿ ಸರ್ಕಾರ ಟೈಲರ್‌ಗಳೂ ಸೇರಿದಂತೆ ಅಸಂಘಟಿತ ಕೆಲಸಗಾರರಿಗೆ ಎರಡು ಸಾವಿರ ರೂಪಾಯಿ ಘೋಷಿಸಿದಾಗ ಸೇವಾ ಸಿಂಧುವಿನಲ್ಲಿ ಅವರ ಅರ್ಜಿಗಳನ್ನು ತುಂಬಿದ್ದೂ ಅದೇ ಹಳೆಯ ಲ್ಯಾಪ್‌ಟಾಪಿನಲ್ಲಿ.

ಚಾಚಾ ಲಾಕ್‌ಡೌನ್ ಮುಗಿದ ಮೇಲೆ ಜೂನಿನಲ್ಲಿ ಬಂದರು, ದೀಪಾವಳಿಯವರೆಗೆ ಕೂತರು. ಆಮೇಲೆ ಮಗ ಕರೆದುಕೊಂಡು ಹೋದ. ಹೋಗುವಾಗ ತಮ್ಮ ಕತ್ತರಿಯನ್ನು ಅಪ್ಪನ ಮೇಜಿನ ಮೇಲಿಟ್ಟು, ನನಗೆ ಹೇಳಿದರು: ‘ದುಗ್ಗಮ್ಮಂಗೆ ನನ್ನ ಸಲಾಂ ಹೇಳು ಬೇಟಿ.’ ಅವರಿಗೆ ಎಣಿಸಲು ಬರುತ್ತಿತ್ತು.

2022ರ ಜೂನಿನಲ್ಲಿ ಸಿಸ್ಟಂ ನಡೆಸುತ್ತಿದ್ದವರಿಂದ ಒಂದು ಇಮೇಲು ಬಂತು. ಸೇವೆ ನಿಲ್ಲಿಸುತ್ತಿದ್ದೇವೆ, ಮೂವತ್ತು ದಿನದೊಳಗೆ ನಿಮ್ಮ ಮಾಹಿತಿ ಇಳಿಸಿಕೊಳ್ಳಿ. ನಾಲ್ಕು ವರ್ಷದ ಭುಜ, ಎದೆ, ಸೊಂಟವೆಲ್ಲ ಒಂದು ಫೈಲಾಗಿ ಇಳಿಯಿತು. ತೆರೆದರೆ ಅಂಕಿಗಳು ಸರಿಯಿವೆ, ಹೆಸರುಗಳಿಲ್ಲ. ಕನ್ನಡ ಇದ್ದ ಕಡೆಯೆಲ್ಲ ತಲೆಯ ಮೇಲೆ ಕೊಂಬು ಹೊತ್ತ ಯಾವುದೋ ಯುರೋಪಿನ ಅಕ್ಷರಗಳ ಸಾಲು. ಮೂರು ಸಾವಿರ ಹೆಂಗಸರ ಮೈ ಇದೆ, ಯಾರ ಮೈ ಅಂತ ಗೊತ್ತಿಲ್ಲ. ಆ ರಾತ್ರಿ ನನಗೆ ನಿದ್ದೆ ಇಲ್ಲ. ಮಾರನೇ ದಿನ, ಹಿಂದೆ ಗೀಟುಗಳನ್ನು ಪಾಯಿಂಟ್ ಮಾಡಿದ್ದ ಅದೇ ಹುಡುಗಿಗೆ ಫೋನು ಮಾಡಿದೆ. ಅವಳೀಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಳು. ‘ಡಬಲ್ ಕ್ಲಿಕ್ ಮಾಡಿ ತೆರೀಬೇಡಿ ಅಕ್ಕಾ, ಶೀಟಿನ ಒಳಗಿಂದ ಇಂಪೋರ್ಟ್ ಮಾಡಿ, ಯುಟಿಎಫ್-8 ಅಂತ ಆರಿಸಿ’ ಅಂದಳು. ಆರಿಸಿದೆ. ಕೊಂಬಿನ ಅಕ್ಷರಗಳು ಮಾಯವಾಗಿ ಸಾವಿತ್ರಮ್ಮ, ಶಬಾನಾ, ಗೌರಮ್ಮ, ಮೂವರು ಲಕ್ಷ್ಮಿಯರು ಎಲ್ಲ ಸಾಲಾಗಿ ಬಂದು ನಿಂತರು. ಹಳೆಯ ಬಾಕಿ ತೀರಿತು ಅಂತ ಅವಳಿಗೆ ಹೇಳಿದೆ. ಯಾವ ಬಾಕಿ ಅಂತ ಅವಳಿಗೆ ನೆನಪಿರಲಿಲ್ಲ.

ಈಗ ಮತ್ತೆ ಯಾವ ಕಂಪನಿಗೂ ದುಡ್ಡು ಕಟ್ಟುತ್ತಿಲ್ಲ. ಒಂದು ಆನ್‌ಲೈನ್ ಶೀಟು. ಅದರಲ್ಲಿ ಅಂಕಿ, ದಿನಾಂಕ, ಪೀಸಿನ ಲೆಕ್ಕ. ಹದಿನಾರು ತುಂಬಿದ ದಿನವನ್ನು ನಾನೇ ಕೆಂಪು ಮಾಡುತ್ತೇನೆ. ಸಣ್ಣಕ್ಷರಗಳೆಲ್ಲ ಪುಸ್ತಕದಲ್ಲಿ, ಪೆನ್ಸಿಲ್ಲಿನಲ್ಲಿ. ಪುಸ್ತಕ ಗಲ್ಲಾದ ಒಳಗೆ, ಬೀಗದ ಕೈ ನನ್ನ ಹತ್ತಿರ. ಅಳತೆಗೆ ಹಳೆಯ ಬ್ಲೌಸು ತರುವವರಿಗೆ ಒಂದು ಮಾತು: ಈಗ ಹಾಕಿಕೊಳ್ಳುವುದನ್ನು ತನ್ನಿ, ಮದುವೆಯಾದ ವರ್ಷದ್ದನ್ನಲ್ಲ. ನೀವು ಏನೇ ತಂದರೂ ನಾನು ಯಾರಿಗೂ ಹೇಳುವುದಿಲ್ಲ.

ಹೊಸ ಶೀಟಿಗೆ ಹಳೆಯ ಆರ್ಡರುಗಳನ್ನು ಸೇರಿಸುವಾಗ ಅಪ್ಪ ಪಕ್ಕದಲ್ಲಿ ಕೂತಿದ್ದರು. ಕಣ್ಣಿನ ಪೊರೆ ತೆಗೆಸಿ ಆಗ ಹದಿನೈದು ದಿನ. ಖಾಲಿ ಆರ್ಡರುಗಳನ್ನೆಲ್ಲ ಅಳಿಸುತ್ತ ಬಂದವಳು ಒಂದು ಸಾಲಿನ ಮೇಲೆ ನಿಂತೆ. ಅಪ್ಪ ಬೆರಳಿಟ್ಟು, ‘ಇದಿರಲಿ’ ಅಂದರು. ಅಳಿಸಲಿಲ್ಲ. ಈಗಲೂ ಹಾಗೇ ಇದೆ: ದುಗ್ಗಮ್ಮ, ದಾವಣಗೆರೆ. ಲೈನಿಂಗ್ ಬ್ಲೌಸು 412. ಬಿಲ್ಲು 0. ಮಜೂರಿ 37,080. ರೆಡಿ ಇದೆ, ಡೆಲಿವರಿ ಆಗಿಲ್ಲ.